ಫಾರೋ ದ್ವೀಪದವರ ಕಾಲ್ಚೆಂಡಾಟ

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಐಸ್‌ಲೆಂಡಿಗೂ ನಾರ್ವೆಗೂ ನಡುವೆ ಫಾರೋ ಎಂಬ 18 ದ್ವೀಪಗಳಿರುವುವು. ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದರೂ ಸ್ವಯಮಾಡಳಿತವುಳ್ಳ ಈ ನಾಡಿಗೆ ಮೀನುಗಾರಿಕೆಯೇ ಮುಖ್ಯ ಆಧಾರ. 1990ರಲ್ಲಿ ಅಲ್ಲಿಯ ಜನಸಂಖ್ಯೆ 50,000ಕ್ಕೂ ಕಡಮೆ. ಈ ಅಲ್ಪಸಂಖ್ಯೆಯ ಜನರು 1988ರಲ್ಲಿ ವಿಶ್ವದ ಕಾಲ್ಚೆಂಡಿನ ಸಂಘವಾದ ಫೀಫಾವನ್ನು ಸೇರಿದರು.

ಯೂರೋಪಿನ ಕಪ್ಪಿನ ಅರ್ಹತಾ ಸ್ಪರ್ಧೆಯಲ್ಲಿ ಇವರ ಮೊದಲನೆಯ ಪಂದ್ಯವು 1990ರ ಸೆಪ್ಟೆಂಬರ್ 12ರಂದು ನಡೆಯಿತು. ಎದುರಾಳಿಯು ಆ ವರ್ಷವೇ ವಿಶ್ವಕಪ್ಪಿನಲ್ಲಿ ಆಡಿ ಬಂದಿದ್ದ ಆಸ್ಟ್ರಿಯ. ಫಾರೋದಲ್ಲಿ ನಿಯಮಕ್ಕೊಪ್ಪುವ ಹುಲ್ಲಿನ ಮೈದಾನವೊಂದೂ ಇರಲಿಲ್ಲವಾಗಿ, ಪಂದ್ಯವನ್ನು ಸ್ವೀಡನ್ನಿನ ಲಾಂಡ್ಸ್‌ಕ್ರೋನಾ ಪಟ್ಟಣದಲ್ಲಿ ಆಡಬೇಕಾಯಿತು. ಆಟಗಾರರು ಹಗಲೆಲ್ಲ ಬೇರೆ ಕಸುಬಿನಲ್ಲಿ ದುಡಿದು, ಬಿಡುವಿನಲ್ಲಿ ಅಭ್ಯಾಸ ಮಾಡಿದವರು. ಗೋಲು ಕಾಯುತ್ತಿದ್ದ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಕುಚ್ಚುಳ್ಳ ಬಿಳಿಯ ಉಣ್ಣೆಯ ಟೊಪ್ಪಿಗೆ ಧರಿಸಿ ನಿಂತನು. ಬಾಲ್ಯದಲ್ಲಿ ತಲೆಗೆ ಪೆಟ್ಟಾದ ಬಳಿಕ ತಾಯಿಯ ಒತ್ತಾಯದಿಂದ ತೊಟ್ಟ ಟೊಪ್ಪಿಗೆಯದು!

ದ್ವಿತೀಯಾರ್ಧದಲ್ಲಿ ಟೋರ್ಕಿಲ್ ನೀಲ್ಸೆನ್ ಹೊಡೆದ ಒಂದೇ ಗೋಲಿನಿಂದ ಫಾರೋದವರು ಗೆದ್ದರು. ಅವನು ಮರಮುಟ್ಟು ಮಾರುವ ಕೆಲಸದವನು. ಆಸ್ಟ್ರಿಯದ ಶಿಕ್ಷಕ ಯೋಸೆಫ್ ಹಿಕರ್ಸ್‌ಬೆರ್ಗರನು ಪದವಿಯನ್ನೇ ತ್ಯಜಿಸಿದನು.

ಮರುವರ್ಷ ಆಸ್ಟ್ರಿಯದ ನೆಲದಲ್ಲಿ ಅವರು 3–0ರಿಂದ ಸೋತುದೂ ನಿಜವೇ. ಆದರೆ ಅಷ್ಟಕ್ಕೆ ಅವರು ಕೈಚೆಲ್ಲಿ ಕೂಡಲಿಲ್ಲ. ಮುಂದೆ ಟೋಫ್ಟಿರ್ ಎಂಬ ಹಳ್ಳಿಯಲ್ಲಿ ಹುಲ್ಲಿನ ಮೈದಾನವನ್ನು ಸಿದ್ಧಗೊಳಿಸಿ, ಪರನಾಡಿನ ತಂಡಗಳನ್ನು ತಮ್ಮ ಮನೆಗೇ ಬರಮಾಡಿಕೊಂಡರು. ಅನುಕೂಲವೆಲ್ಲ ಒದಗಲೆಂದು ಕಾಯದೆ, ಇದ್ದುದರಿಂದಲೇ ಆರಂಭಿಸಿದ ಈ ಜನರ ಗೆಲವನ್ನು ನಮ್ಮ ಮಕ್ಕಳಿಗೆ ಹೇಳುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.