ಉಸಿರು ಬಿಗಿಹಿಡಿದು ಹೋಗುತ್ತಿದ್ದ ಹಡಗು

ಮಕ್ಕಳೇ, ನೀರಿನಲ್ಲಿ ಮುಳುಗಿದವರು ಎಷ್ಟು ಹೊತ್ತು ಒಳಗೇ ಇರಬಲ್ಲರು? ಅರ್ಧ ನಿಮಿಷ, ಹೆಚ್ಚೆಂದರೆ ಒಂದೆರಡು ನಿಮಿಷ. ಆಮೇಲೆ ಉಸಿರಿಗಾಗಿ ತಲೆ ಮೇಲೆತ್ತಲೇಬೇಕು. ಸಾವಿರಾರು ಟನ್ ತೂಕದ ಒಂದು ಯುದ್ಧನೌಕೆಗೂ ಇದೇ ತೊಂದರೆ ಇತ್ತು! ಅದೇ ಐ.ಎನ್.ಎಸ್. ಕುರ್ಸುರಾ. ನಮ್ಮ ನೌಕಾಪಡೆಯ ಮೊದಲ ನಾಲ್ಕು ಜಲಾಂತರ್ಗಾಮಿಗಳಲ್ಲಿ ಅದೂ ಒಂದು. ಜಲಾಂತರ್ಗಾಮಿ ಎಂದರೆ ನೀರಿನ ಒಳಗೆ ಚಲಿಸುವ ಹಡಗು, ಅಂದರೆ ಸಬ್‌ಮರೀನ್.

ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಿಂದ ಸಮುದ್ರ ಬಲು ದೂರ. ಆದರೂ ಈ ಕಥೆ ಕೊನೆಗೆ ನಮ್ಮ ಉಳ್ಳಾರ್ತಿ ಕಾವಲ್ ಹತ್ತಿರವೇ ಬಂದು ನಿಲ್ಲುತ್ತದೆ. ಹೇಗೆಂದು ನೋಡೋಣ.

ಮುಳುಗುವುದು ಹೇಗೆ? ಏಳುವುದು ಹೇಗೆ?

ಕುರ್ಸುರಾದ ಉದ್ದ ಸುಮಾರು 91 ಮೀಟರ್. ಏಳು ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಜೋಡಿಸಿದರೆ ಎಷ್ಟಾಗುವುದೋ ಅಷ್ಟು. ಅಗಲ ಮಾತ್ರ ಏಳೂವರೆ ಮೀಟರ್.

ಕಬ್ಬಿಣದ ಮೊಳೆ ನೀರಿನಲ್ಲಿ ಮುಳುಗುತ್ತದೆ, ಕಬ್ಬಿಣದ ಬಾಣಲೆ ತೇಲುತ್ತದೆ. ಏಕೆ? ವಸ್ತುವೊಂದು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಇದು ಆರ್ಕಿಮಿಡೀಸ್ ತತ್ತ್ವ. ಬಾಣಲೆ ಹೆಚ್ಚು ನೀರನ್ನು ಸರಿಸುತ್ತದೆ, ಆದ್ದರಿಂದ ತೇಲುತ್ತದೆ. ಬಾಣಲೆಯೊಳಗೆ ನೀರು ತುಂಬಿದರೆ ಅದೂ ಮುಳುಗುತ್ತದೆ.

ಜಲಾಂತರ್ಗಾಮಿ ಮಾಡುವುದೂ ಇದನ್ನೇ. ಕುರ್ಸುರಾಕ್ಕೆ ಎರಡು ಹೊದಿಕೆಗಳಿವೆ. ಒಳಗಿನದು ಗಟ್ಟಿ ಉಕ್ಕಿನ ಕೊಳವೆ, ಅದರಲ್ಲಿ ಜನರಿರುತ್ತಾರೆ. ಅದಕ್ಕೂ ಹೊರಗಿನ ಹೊದಿಕೆಗೂ ನಡುವೆ ದೊಡ್ಡ ತೊಟ್ಟಿಗಳಿವೆ. ತೊಟ್ಟಿಗಳಲ್ಲಿ ಗಾಳಿ ಇದ್ದಾಗ ಹಡಗಿನ ತೂಕ ಸುಮಾರು 1,950 ಟನ್, ಆಗ ತೇಲುತ್ತದೆ. ಸಮುದ್ರದ ನೀರನ್ನು ಒಳಗೆ ಬಿಟ್ಟುಕೊಂಡರೆ ತೂಕ ಸುಮಾರು 2,475 ಟನ್ ಆಗುತ್ತದೆ, ಆಗ ಮುಳುಗುತ್ತದೆ. ಹಾಗಾದರೆ ಅದು ಕುಡಿಯುವ ನೀರೆಷ್ಟು? ನೀವೇ ಕಳೆದು ನೋಡಿ. ಮೇಲೆ ಬರಬೇಕಾದಾಗ, ಒತ್ತಿ ತುಂಬಿಟ್ಟ ಗಾಳಿಯನ್ನು ತೊಟ್ಟಿಗಳಿಗೆ ಬಿಟ್ಟು ನೀರನ್ನು ಹೊರದೂಡುತ್ತಾರೆ.

ಒಳಗಿನ ಕೊಳವೆ ಅಷ್ಟು ಗಟ್ಟಿ ಏಕಿರಬೇಕು? 250 ಮೀಟರ್ ಆಳದಲ್ಲಿ ನಿಮ್ಮ ಹೆಬ್ಬೆರಳ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ನೀರು ಸುಮಾರು 25 ಕಿಲೋ ಭಾರ ಹೇರುತ್ತದೆ. ಅರ್ಧ ಮೂಟೆ ಅಕ್ಕಿಯನ್ನು ಒಂದು ಉಗುರಿನ ಮೇಲೆ ಇಟ್ಟಂತೆ!

ಉಸಿರಿನ ಸಮಸ್ಯೆ

ಕುರ್ಸುರಾದಲ್ಲಿ ಮೂರು ಡೀಸೆಲ್ ಎಂಜಿನ್‌ಗಳಿದ್ದವು. ಡೀಸೆಲ್ ಉರಿಯಲು ಆಮ್ಲಜನಕ ಬೇಕು. ನೀರಿನೊಳಗೆ ಅದು ಎಲ್ಲಿಂದ ಬರಬೇಕು? ಅದಕ್ಕೆಂದೇ ಹಡಗಿನ ತಳದಲ್ಲಿ ಟ್ರ್ಯಾಕ್ಟರಿನಲ್ಲಿ ಇರುವಂಥದೇ ಸೀಸ-ಆಮ್ಲದ ಬ್ಯಾಟರಿಗಳನ್ನು ಬಲು ದೊಡ್ಡ ಗಾತ್ರದಲ್ಲಿ ಜೋಡಿಸಿದ್ದರು. ಮುಳುಗಿದಾಗ ಡೀಸೆಲ್ ಎಂಜಿನ್ ನಿಲ್ಲಿಸಿ, ಬ್ಯಾಟರಿಯಿಂದ ವಿದ್ಯುತ್ ಮೋಟಾರು ನಡೆಸುತ್ತಿದ್ದರು. ನಿಧಾನವಾಗಿ ಹೋದರೆ ಬ್ಯಾಟರಿ ಕೆಲವು ದಿನ ಬರುತ್ತಿತ್ತು. ವೇಗವಾಗಿ ಓಡಿಸಿದರೆ ಬೇಗನೆ ಖಾಲಿ.

ಖಾಲಿಯಾದರೆ ಮೇಲೆ ಬರಬೇಕು, ಅಥವಾ ನೀರಿನ ಮಟ್ಟದವರೆಗೆ ಬಂದು ‘ಸ್ನಾರ್ಕೆಲ್’ ಎಂಬ ಕೊಳವೆಯನ್ನು ಹೊರಗೆ ಚಾಚಿ ಗಾಳಿ ಎಳೆದುಕೊಳ್ಳಬೇಕು. ಆಗ ಡೀಸೆಲ್ ಎಂಜಿನ್ ನಡೆಸಿ ಬ್ಯಾಟರಿ ಚಾರ್ಜ್ ಮಾಡುತ್ತಾರೆ. ಅಪಾಯದ ಗಳಿಗೆ ಇದೇ. ಎಂಜಿನ್ನಿನ ಸದ್ದು ಶತ್ರುವಿಗೆ ಕೇಳಿಸುತ್ತದೆ, ಕೊಳವೆ ಕಾಣಿಸುತ್ತದೆ. ಅಡಗಿರುವುದೇ ಜಲಾಂತರ್ಗಾಮಿಯ ಬಲ. ಆದರೆ ಉಸಿರಾಡಲು ಅದು ತಲೆ ಎತ್ತಲೇಬೇಕು.

ಒಳಗೆ 8 ಅಧಿಕಾರಿಗಳು, 67 ನಾವಿಕರು, ಒಟ್ಟು 75 ಮಂದಿ. ಸಿಹಿನೀರು ಮಿತವಾದ್ದರಿಂದ ಸ್ನಾನವೆಂಬುದು ಅಪರೂಪ. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ. ಅದು ಒಂದೆಡೆ ಸೇರಿದರೆ ಕಿಡಿಯೊಂದು ಸಾಕು. ಬ್ಯಾಟರಿಗೆ ಉಪ್ಪುನೀರು ತಗಲಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಆದ್ದರಿಂದ ಶತ್ರುವಿನಷ್ಟೇ ಎಚ್ಚರಿಕೆಯಿಂದ ಅವರು ತಮ್ಮ ಬ್ಯಾಟರಿಯನ್ನೂ ಕಾಯಬೇಕಿತ್ತು.

31 ವರ್ಷಗಳ ಸೇವೆ

ನಮ್ಮ ಮೊದಲ ಜಲಾಂತರ್ಗಾಮಿ ಐ.ಎನ್.ಎಸ್. ಕಲ್ವರಿ. 1967ರ ಡಿಸೆಂಬರ್ 8ರಂದು ಅದು ಸೇವೆಗೆ ಸೇರಿತು. ನೌಕಾಪಡೆ ಇಂದಿಗೂ ಆ ದಿನವನ್ನು ಜಲಾಂತರ್ಗಾಮಿ ದಿನವೆಂದು ಆಚರಿಸುತ್ತದೆ. ಅದರ ಹಿಂದೆ ಖಂದೇರಿ ಮತ್ತು ಕರಂಜ್ ಬಂದವು. ಕುರ್ಸುರಾ 1969ರ ಡಿಸೆಂಬರ್ 18ರಂದು ಸೇರಿತು. ನಾಲ್ಕೂ ಆಗಿನ ಸೋವಿಯತ್ ಒಕ್ಕೂಟದಲ್ಲಿ ತಯಾರಾದವು.

1971ರ ಯುದ್ಧದ ಕಾಲದಲ್ಲಿ ಕುರ್ಸುರಾ ಅರಬ್ಬೀ ಸಮುದ್ರದಲ್ಲಿ ಕಾವಲು ತಿರುಗಿತು. ಎದುರಿನ ಹಡಗು ಶತ್ರುವಿನದೇ ಎಂದು ಖಚಿತವಾಗದೆ ಟಾರ್ಪಿಡೊ ಹಾರಿಸಕೂಡದೆಂಬ ಆಜ್ಞೆ ಅದಕ್ಕಿತ್ತು. ಅದೇ ಯುದ್ಧದಲ್ಲಿ, ಡಿಸೆಂಬರ್ 3-4ರ ರಾತ್ರಿ, ಪಾಕಿಸ್ತಾನದ ಡೀಸೆಲ್ ಜಲಾಂತರ್ಗಾಮಿ ‘ಘಾಜಿ’ ವಿಶಾಖಪಟ್ಟಣದ ಹತ್ತಿರ ಮುಳುಗಿತು. ಅದರಲ್ಲಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಶತ್ರುವಾದರೂ ಅವರೂ ಯಾರದೋ ಮನೆಯ ಮಕ್ಕಳು, ಅಲ್ಲವೇ?

1970ರ ದಶಕದ ಕೊನೆಯ ವರ್ಷಗಳಲ್ಲಿ ಕುರ್ಸುರಾ ಕೆಲಸವಿಲ್ಲದೆ ನಿಂತಿತು. ಅದರ ಬಿಡಿಭಾಗಗಳನ್ನು ಬಿಚ್ಚಿ ಬೇರೆ ಜಲಾಂತರ್ಗಾಮಿಗಳಿಗೆ ಹಾಕಿದ್ದರು. ಸೋವಿಯತ್ ಒಕ್ಕೂಟದಲ್ಲಿ ದುರಸ್ತಿಯಾದ ಮೇಲೆ ಮತ್ತೆ ಕಡಲಿಗಿಳಿಯಿತು. 2001ರ ಫೆಬ್ರುವರಿ 27ರಂದು ನಿವೃತ್ತಿ ಹೊಂದಿತು. ಈಗ ಅದು ವಿಶಾಖಪಟ್ಟಣದ ರಾಮಕೃಷ್ಣ ಬೀಚಿನ ಮರಳ ಮೇಲೆ ಕುಳಿತಿದೆ. 2002ರ ಆಗಸ್ಟ್‌ನಿಂದ ವಸ್ತುಸಂಗ್ರಹಾಲಯವಾಗಿ ಎಲ್ಲರಿಗೂ ತೆರೆದಿದೆ. ಹೋದರೆ ಒಳಗೆ ನಡೆದು ನೋಡಿ. ಮಲಗುವ ಹಲಗೆಗಳು ಎಷ್ಟು ಕಿರಿದೆಂದು ತಿಳಿಯುತ್ತದೆ.

ಉಳ್ಳಾರ್ತಿ ಕಾವಲ್‌ಗೆ ಏನು ಸಂಬಂಧ?

ಗಾಳಿಯೇ ಬೇಡದ ಎಂಜಿನ್ ಇದ್ದರೆ? ಯುರೇನಿಯಂ ಪರಮಾಣು ಒಡೆದಾಗ ಶಾಖ ಬರುತ್ತದೆ. ಇಲ್ಲಿ ಏನೂ ಉರಿಯುವುದಿಲ್ಲ, ಆದ್ದರಿಂದ ಆಮ್ಲಜನಕ ಬೇಡ. ಆ ಶಾಖದಿಂದ ನೀರನ್ನು ಹಬೆಯಾಗಿಸಿ ಹಡಗು ನಡೆಸಬಹುದು. ವಿಶಾಖಪಟ್ಟಣದಲ್ಲಿ 2009ರಲ್ಲಿ ನೀರಿಗಿಳಿದು, 2016ರಲ್ಲಿ ಸೇವೆಗೆ ಸೇರಿದ ‘ಅರಿಹಂತ್’ ಇಂಥ ಜಲಾಂತರ್ಗಾಮಿ. ಅದು ತಿಂಗಳುಗಟ್ಟಲೆ ನೀರಿನೊಳಗೇ ಇರಬಲ್ಲದು.

ಆದರೆ ಒಡೆಯಲು ಸುಲಭವಾದ ಬಗೆಯ ಯುರೇನಿಯಂ, ನೆಲದಿಂದ ತೆಗೆದ ಯುರೇನಿಯಂನಲ್ಲಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಆ ಪಾಲನ್ನು ಹೆಚ್ಚಿಸುವುದಕ್ಕೆ ಪುಷ್ಟೀಕರಣ ಎನ್ನುತ್ತಾರೆ. ಇಂಥ ಕೆಲಸದ ಸ್ಥಾವರಕ್ಕಾಗಿಯೇ ಉಳ್ಳಾರ್ತಿ ಕಾವಲ್‌ನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಜಮೀನು ಕೊಡಲಾಯಿತು. ಕುರಿ, ದನ ಮೇಯುತ್ತಿದ್ದ ಹುಲ್ಲುಗಾವಲುಗಳು ಹೀಗೆ ಕೈತಪ್ಪಿದ್ದರ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶದ ರಕ್ಷಣೆಯೂ ಬೇಕು, ಕಾವಲಿನ ಹುಲ್ಲೂ ಬೇಕು. ಇದನ್ನು ಸರಿದೂಗಿಸುವುದು ಹೇಗೆ? ನಿಮ್ಮ ಮನೆಯ ಹಿರಿಯರನ್ನೂ ಕೇಳಿ, ತರಗತಿಯಲ್ಲಿ ಚರ್ಚಿಸಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಮುಚ್ಚಳವಿರುವ ಪ್ಲಾಸ್ಟಿಕ್ ಬಾಟಲಿ, ತುದಿಯಲ್ಲಿ ತೂತಿಲ್ಲದ ಪೆನ್ನಿನ ಕ್ಯಾಪು, ನೀರಿನಲ್ಲಿ ಕರಗದ ಸ್ವಲ್ಪ ಆಟದ ಜೇಡಿ (ಮಾಡೆಲಿಂಗ್ ಕ್ಲೇ), ನೀರು.

ಕ್ಯಾಪಿನ ಬಾಯಿಯ ಅಂಚಿಗೆ ಜೇಡಿ ಮೆತ್ತಿ. ಬಾಯಿ ಮುಚ್ಚಬಾರದು. ಅದು ನೆಟ್ಟಗೆ ನಿಂತು, ತುದಿ ಮಾತ್ರ ಕಾಣುವಂತೆ ತೇಲಬೇಕು. ತೇಲದಿದ್ದರೆ ಜೇಡಿ ಕಡಿಮೆ ಮಾಡಿ. ಬಾಟಲಿಗೆ ಕಂಠದವರೆಗೆ ನೀರು ತುಂಬಿ, ಕ್ಯಾಪನ್ನು ಬಾಯಿ ಕೆಳಗಾಗಿ ಒಳಗೆ ಬಿಟ್ಟು ಮುಚ್ಚಳ ಬಿಗಿಯಿರಿ. ಈಗ ಬಾಟಲಿಯನ್ನು ಅಮುಕಿ. ಕ್ಯಾಪು ಮುಳುಗುತ್ತದೆ! ಕೈ ಸಡಿಲಿಸಿ. ಮೇಲೆ ಬರುತ್ತದೆ!

ಅಮುಕಿದಾಗ ಕ್ಯಾಪಿನೊಳಗಿನ ಗಾಳಿ ಕುಗ್ಗಿ, ಆ ಜಾಗಕ್ಕೆ ನೀರು ನುಗ್ಗುತ್ತದೆ. ಗಮನವಿಟ್ಟು ನೋಡಿದರೆ ನೀರು ಏರುವುದು ಕಾಣಿಸುತ್ತದೆ. ಕುರ್ಸುರಾದ ತೊಟ್ಟಿಗಳಲ್ಲಿ ಆಗುತ್ತಿದ್ದುದೂ ನೀರು ಒಳಗೆ, ಗಾಳಿ ಹೊರಗೆ. ಅಲ್ಲಿ ಕವಾಟ ತೆರೆದು ಮಾಡುತ್ತಿದ್ದುದನ್ನು ಇಲ್ಲಿ ನಿಮ್ಮ ಬೆರಳು ಮಾಡುತ್ತದೆ.