ಡಿಜೆ ಹಾಡು ಆರಿಸುವುದು ಹೇಗೆ?

ಮಕ್ಕಳೇ, ನಮ್ಮ ಮಧುವನಹಳ್ಳಿ ಕಡೆ ಗಣಪತಿ ಬಿಡುವಾಗ ಮೊದಲು ತಮಟೆ ಬಡಿಯುತ್ತಿದ್ದರು, ಈಗ ಡಿಜೆ. ಡಿಜೆ ಹುಡುಗ ಬರೀ ಗುಂಡಿ ಒತ್ತುತ್ತಾನೆ ಎಂದುಕೊಳ್ಳಬೇಡಿ. ಅವನ ಕಣ್ಣು ಕುಣಿಯುವವರ ಕಾಲಿನ ಮೇಲಿರುತ್ತದೆ. ಕಾಲು ಸೋತರೆ ಎಲ್ಲರಿಗೂ ಗೊತ್ತಿರುವ ಹಾಡು ಹಾಕುತ್ತಾನೆ. ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಮೊದಲೇ ಕೇಳಿ, ಎರಡರ ತಾಳ ಕೂಡಿಸುತ್ತಾನೆ. ಕುಣಿತದ ಹಾಡುಗಳಲ್ಲಿ ನಿಮಿಷಕ್ಕೆ 120ರಿಂದ 130 ಪೆಟ್ಟು ಸಾಮಾನ್ಯ. ಶುರುವಿಗೇ ಅಷ್ಟು ವೇಗ ಕೊಡುವುದಿಲ್ಲ. ಮೆಲ್ಲಗೆ ಏರಿಸಿ, ನಡುವೆ ಇಳಿಸಿ, ಉಸಿರಾಡಲು ಬಿಡುತ್ತಾನೆ.

ಇದು ಹೊಸ ವಿದ್ಯೆಯಲ್ಲ. ಮಲೆ ಮಹದೇಶ್ವರನ ಕಂಸಾಳೆಯವರನ್ನು ನೋಡಿ. ಕಂಚಿನ ತಾಳ ಮೆಲ್ಲಗೆ ಶುರುವಾಗಿ, ಹಾಡು ಏರಿದಂತೆ ಬೀಸೂ ಜೋರಾಗುತ್ತದೆ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಸದ್ದಿನ ಲೆಕ್ಕವೂ ಮುಖ್ಯ. ಕೇಂದ್ರ ಸರ್ಕಾರದ 2000ನೇ ಇಸವಿಯ ನಿಯಮದಂತೆ ಮನೆಗಳಿರುವ ಕಡೆ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಿಶೇಷ ಅನುಮತಿಯ ದಿನಗಳನ್ನು ಬಿಟ್ಟರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೀದಿಯಲ್ಲಿ ಧ್ವನಿವರ್ಧಕ ಕೂಡದು. ಎದೆನೋವಿನ ಅಜ್ಜ, ತೊಟ್ಟಿಲ ಕೂಸು ಇಬ್ಬರೂ ಅದೇ ಬೀದಿಯಲ್ಲಿರುತ್ತಾರಲ್ಲ!

ಈ ಸಲ ನೀವೇ ಡಿಜೆ ಅಣ್ಣನಿಗೆ ಹೇಳಿ: “ಸದ್ದು ತಗ್ಗಿಸಿ, ಒಂದು ಹಳೇ ಹಾಡು ಹಾಕಣ್ಣ.” ಆಗ ನಾವು ಮುದುಕರೂ ಬಾಗಿಲು ತೆಗೆದು ಹೊರಗೆ ಬರುತ್ತೇವೆ.