ರಜೆಯ ಚಿತ್ರಗಳು: ಹಂಚುವ ಮುನ್ನ ಎರಡು ಮಾತು

ಬೇಸಗೆ ರಜೆ ಕಳೆದು ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಮಕ್ಕಳ ಚೀಲದಲ್ಲಿ ಹೊಸ ಪುಸ್ತಕ, ಮನೆಯವರ ಮೊಬೈಲಿನಲ್ಲಿ ನೂರಾರು ಹೊಸ ಚಿತ್ರ. ಬೇಕಲ ಕೋಟೆಯ ಸೂರ್ಯಾಸ್ತ, ರಾಣಿಪುರಂನ ಹುಲ್ಲುಗುಡ್ಡ, ಪೊಸಡಿಗುಂಪೆಯ ಮುಂಜಾವು ಪ್ರತಿ ವರ್ಷವೂ ತಪ್ಪದೆ ಬರುತ್ತವೆ. ಹಿಂದೆ ಒಂದು ರೀಲಿಗೆ 36 ಚಿತ್ರ. ತೊಳೆಸಿ ತಂದಾಗ ಹತ್ತು ಸರಿಯಿದ್ದರೆ ಪುಣ್ಯ. ಆ ಹತ್ತನ್ನು ಜಗಲಿಯಲ್ಲಿ ಹರಡಿದರೆ ನೆಂಟರಿಷ್ಟರು ಒಂದೊಂದನ್ನೇ ಕೈಗೆತ್ತಿಕೊಂಡು, ಇದೆಲ್ಲಿ, ಇದು ಯಾವ ಹಕ್ಕಿ ಎಂದು ಕೇಳುತ್ತಿದ್ದರು. ಈಗ ಚಿತ್ರಗಳಿಗೆ ಬರವಿಲ್ಲ, ಕೇಳುವವರಿಗೆ ಬರ. ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಎತ್ತಿ ತೋರಿಸಿದರೆ ವಿಮರ್ಶೆ ಮುಗಿಯಿತು.

ಕೇಳುವವರಿದ್ದರೆ ಚಿತ್ರ ಏನೆಲ್ಲ ಹೇಳುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಎಂಟನೇ ತರಗತಿಯ ಹುಡುಗನೊಬ್ಬ ವಿಷು ಕಳೆದ ಮರುವಾರ ಮನೆಯ ಬಳಿಯ ಪಾದೆಯಲ್ಲಿ ತೆಗೆದ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ. ತರಗತಿಯ ಪರದೆಯ ಮೇಲೆ ಹಾಕಿದೆವು. ಬರಿಯ ಮುರಕಲ್ಲಿನ ನೆಲದಲ್ಲಿ ನಾಲ್ಕು ಮೊಟ್ಟೆ. ಕಲ್ಲಿನ ಹರಳುಗಳ ನಡುವೆ ಅವನ್ನು ಗುರುತಿಸಲು ಕಣ್ಣಿಗೆ ತುಸು ಹೊತ್ತು ಬೇಕು. ಒಳ್ಳೆಯ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಹಿಂದಿನ ಚಿತ್ರದಲ್ಲಿ ತಾಯಿಹಕ್ಕಿ, ಕಣ್ಣ ಬಳಿ ಹಳದಿ ಜೋಲುಚರ್ಮ. ಹೆಸರೇನೆಂದರೆ ಅರ್ಧ ತರಗತಿ 'ತಿತ್ತಿರಿ' ಎಂದಿತು. ಅದು ಮಲಯಾಳದ ಹೆಸರು, ಕನ್ನಡದಲ್ಲಿ ಟಿಟ್ಟಿಭ. (ಸಂಸ್ಕೃತದಲ್ಲಿ ತಿತ್ತಿರಿ ಎಂದರೆ ಕವುಜುಗ! ಗಡಿನಾಡಿನ ಕನ್ನಡ ಪಂಡಿತನಿಗೆ ಇಂತಹ ಕಷ್ಟಗಳು ದಿನನಿತ್ಯದವು.)

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಕಲ್ಲುಗಳಿಗೆ ನೆರಳೇ ಇಲ್ಲವಲ್ಲ?" ಎಂದಳು. ಏಪ್ರಿಲ್ ಕೊನೆಯ ವಾರಗಳಲ್ಲಿ ನಮ್ಮಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಆ ಹೊತ್ತಿನಲ್ಲಿ ಪಾದೆಯ ಮೇಲೆ ಬರಿಗಾಲು ಊರಲಾಗದು. ಟಿಟ್ಟಿಭ ಆಗ ಮೊಟ್ಟೆಯ ಮೇಲೆ ನಿಲ್ಲುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ನೀರಿರುವಲ್ಲಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುವುದೂ ಉಂಟು. ಮೊದಲ ಚಿತ್ರಕ್ಕೂ ಕೊನೆಯದಕ್ಕೂ ನಡುವೆ ಎಷ್ಟು ಹೊತ್ತೆಂದು ಕಂಪ್ಯೂಟರಿನಲ್ಲಿ ನೋಡಿದೆವು: 22 ನಿಮಿಷ. ತರಗತಿ ಸುಮ್ಮನಾಯಿತು.

ಹುಡುಗನ ಚಿಕ್ಕಪ್ಪ ಆ ಚಿತ್ರವನ್ನು ಊರಿನ ಗ್ರೂಪಿಗೂ ಹಾಕಿದ್ದರಂತೆ. ಎಲ್ಲಿ ಎಂದು ಕೇಳಿದವರಿಗೆಲ್ಲ ಉತ್ತರವೂ ಹೋಯಿತು. ಮರುದಿನ ಬೈಕುಗಳು ಬಂದವು. ಮೂರನೆಯ ದಿನ ನೋಡಿದರೆ ಮೊಟ್ಟೆಗಳಿಲ್ಲ. ಟಿಟ್ಟಿಭದ ಮರಿ ಹುಟ್ಟಿದ ದಿನವೇ ಎದ್ದು ನಡೆಯುತ್ತದೆ, ಆದುದರಿಂದ ಒಳ್ಳೆಯದನ್ನು ನಂಬಲೂ ಅವಕಾಶವಿದೆ. ಆದರೆ ಮನುಷ್ಯರು ಸೇರಿದಲ್ಲಿ ಕಾಗೆಯೂ ಬರುತ್ತದೆ. ಪಂಚತಂತ್ರದ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಒಯ್ದಾಗ ಗರುಡನಾದರೂ ದೂರು ಕೇಳಿದ.

ಹಿಂದಿನ ಹೆಸರಾಂತ ಛಾಯಾಗ್ರಾಹಕರೂ ಗೂಡಿನೆದುರು ಮರೆ ಕಟ್ಟಿ ಕುಳಿತದ್ದುಂಟು. ಆಗಿನ ಫಿಲ್ಮಿಗೆ, ಲೆನ್ಸಿಗೆ ಹಕ್ಕಿ ಒಂದೆಡೆ ನಿಲ್ಲುವ ಜಾಗ ಅದೊಂದೇ. ಈಗ ಆ ನೆವ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬ ಶಬ್ದಕ್ಕೆ ಕೊಟ್ಟ ಅರ್ಥದೊಳಗೆ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ಉಪದ್ರವ ಕೊಡುವುದೂ ಸೇರಿದೆ.

ಹಾಗೆಂದು ಸ್ಥಳವನ್ನು ಎಲ್ಲ ಚಿತ್ರಗಳಿಂದಲೂ ಅಳಿಸುವುದೇ? ಅದು ಇನ್ನೊಂದು ಅವಿವೇಕ. ವಾಟ್ಸಾಪಿನಲ್ಲಿ ಮಾಮೂಲು ರೀತಿಯಲ್ಲಿ ಕಳುಹಿಸಿದ ಚಿತ್ರದಿಂದ ಮೊಬೈಲು ತಾನಾಗಿ ಬರೆದಿಟ್ಟ ದಿನಾಂಕ, ಸ್ಥಳಗಳು ಉದುರಿಹೋಗುತ್ತವೆ. ಹತ್ತು ಕೈ ದಾಟಿದ ಮೇಲೆ ಆ ಹೂವು ಕುಂಬಳೆಯದೋ ಕೊಡಗಿನದೋ ಹೇಳುವವರಿಲ್ಲ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಆರಂಭಿಸಿದ ಐನ್ಯಾಚುರಲಿಸ್ಟ್ ಎಂಬ ತಾಣದಲ್ಲಿ ಯಾರೂ ಚಿತ್ರ ಹಾಕಬಹುದು. ಬಲ್ಲವರು ಹೆಸರು ಹೇಳುತ್ತಾರೆ, ಒಪ್ಪದವರು ವಾದಿಸುತ್ತಾರೆ. ಜಗಲಿಯ ಹಳೆಯ ಚರ್ಚೆ ಅಲ್ಲಿ ಇನ್ನೂ ಉಳಿದಿದೆ. ಅಳಿವಿನಂಚಿನ ಜೀವಿಯಾದರೆ ಆ ತಾಣವು ಜಾಗವನ್ನು ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಮರೆಸಿಡುತ್ತದೆ. ಟಿಟ್ಟಿಭದಂತಹ ಸಾಮಾನ್ಯ ಹಕ್ಕಿಗೆ ಆ ಕಾವಲು ತಾನಾಗಿ ದೊರೆಯದು. ಗೂಡಾದರೆ ಚಿತ್ರ ಹಾಕುವವರೇ ಮರೆಸಬೇಕು.

ಪಾದೆಯ ಹೂವಿನ ಮಾತು ಬೇರೆ. ಜನ ಪಾಳುನೆಲವೆನ್ನುವ ಈ ಮುರಕಲ್ಲಿನ ಹಾಸುಗಳಲ್ಲಿ ಮಳೆಗಾಲದಲ್ಲಿ ಏನೆಲ್ಲ ಹುಟ್ಟುತ್ತದೆ ಎಂಬುದಕ್ಕೆ ಕಣ್ಣೂರಿನ ಮಾಡಾಯಿಪಾರವೇ ಸಾಕ್ಷಿ; ಅಲ್ಲಿನ ಒಂದು ಕಿರುಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಆ ಪಾರೆಯ ಹೆಸರೇ ಇದೆ. ನಮ್ಮ ಪಾದೆಗೆ ನಾಳೆ ಕಲ್ಲಿನ ಪಣೆ ಬಂದರೆ, ಇಲ್ಲಿ ಇಂತಹ ಹೂವಿತ್ತು ಎನ್ನಲು ದಿನಾಂಕವೂ ಜಾಗದ ಹೆಸರೂ ಇರುವ ಚಿತ್ರ ಬೇಕಾಗುತ್ತದೆ. ಓಣಂ ರಜೆಯ ಹೊತ್ತಿಗೆ ನೀಲಿಯ ಕಾಕಪ್ಪೂ ಅರಳುತ್ತದೆ. ನೋಡಲು ಸಾಧು, ಮಣ್ಣಿನಡಿಯ ಪುಟ್ಟ ಚೀಲಗಳಲ್ಲಿ ಕ್ರಿಮಿಗಳನ್ನು ಹಿಡಿದು ತಿನ್ನುವ ಗಿಡ. ಅದರ ಚಿತ್ರ ತೆಗೆಯುವವರು ಪಾದೆಯ ಹೆಸರನ್ನು ಧಾರಾಳವಾಗಿ ಬರೆಯಲಿ. ಮನೆಯ ಅಜ್ಜಿಯನ್ನು ಕೇಳಿ ಹೂವಿನ ಕನ್ನಡ, ತುಳು ಹೆಸರುಗಳನ್ನೂ ಕೆಳಗೆ ಸೇರಿಸಲಿ.